ಪ್ರಶ್ನೆ ಕೇಳಿದ ಮೇಲೆ

ಪ್ರಶ್ನೆ ಕೇಳುವುದು ನಮಗೆ ಸುಲಭ. ಕೇಳಿದ ಮೇಲೆ ಸುಮ್ಮನಿರುವುದು ಕಷ್ಟ. ಶಾಲೆಯಿಂದ ಬಂದ ಮಗುವನ್ನು 'ಇವತ್ತು ಏನಾಯಿತು?' ಎನ್ನುತ್ತೇವೆ. ಮಗು ಬಾಯಿ ತೆರೆಯುವಷ್ಟರಲ್ಲಿ 'ಊಟ ಮಾಡಿದೆಯಾ? ಜಗಳ ಆಡಲಿಲ್ಲ ತಾನೆ?' ಎಂದು ಮತ್ತೆರಡನ್ನು ಪೇರಿಸುತ್ತೇವೆ. ವೃದ್ಧ ತಂದೆಯ ಆರೋಗ್ಯ ವಿಚಾರಿಸುತ್ತೇವೆ. ಅವರು ಮಾತು ಹುಡುಕುತ್ತಿರುವಾಗಲೇ 'ವಯಸ್ಸಾಯಿತಲ್ಲ ಅಪ್ಪಾ, ಹಾಗೇ ಇರುತ್ತೆ' ಎಂದು ಉತ್ತರವನ್ನೂ ನಾವೇ ಕೊಟ್ಟುಬಿಡುತ್ತೇವೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಎಡೆಯಿದೆ. ಅದು ಬಹಳ ಕಿರಿದು. ಆದರೂ ಅಲ್ಲಿ ನಿಲ್ಲಲು ನಮ್ಮಲ್ಲಿ ಬಹುಮಂದಿಗೆ ಧೈರ್ಯ ಸಾಲದು.

ಹೊಸದಾಗಿ ಪಾಠ ಮಾಡಲು ನಿಂತವರಲ್ಲಿ ಈ ಅಧೈರ್ಯ ಎದ್ದು ಕಾಣುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಪ್ರೌಢಶಾಲೆಗಳಿಗೆ ವರ್ಷವರ್ಷವೂ ಬಿ.ಇಡಿ. ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ಗೆಂದು ಬರುತ್ತಾರೆ. ಕೈಯಲ್ಲಿ ಪಾಠಯೋಜನೆಯ ದಪ್ಪ ಪುಸ್ತಕ, ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು. ವಿಜ್ಞಾನದವರಾದರೆ ಚೀಲದಲ್ಲಿ ಲಿಟ್ಮಸ್ ಕಾಗದ, ಒಂದೆರಡು ಪ್ರನಾಳ. ಮಕ್ಕಳು ಇವರನ್ನು 'ಬಿ.ಇಡಿ. ಮಿಸ್ಸು', 'ಬಿ.ಇಡಿ. ಸಾರು' ಎಂದೇ ಗುರುತಿಸುತ್ತಾರೆ. ಬಂದವರು ಹೋಗುವವರು ಎಂಬುದು ಅವರಿಗೂ ಗೊತ್ತು. ಹಿಂದೆ ಬಿ.ಇಡಿ. ಒಂದೇ ವರ್ಷದ್ದಾಗಿತ್ತು, ಅಭ್ಯಾಸ ಪಾಠಗಳು ಕೆಲವು ವಾರಗಳಲ್ಲಿ ಮುಗಿದುಹೋಗುತ್ತಿದ್ದವು. ಶಿಕ್ಷಕರ ಶಿಕ್ಷಣವನ್ನು ಪರಿಶೀಲಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಹೊಸ ನಿಯಮಾವಳಿ ಬಂದಿತು. ಕೋರ್ಸು ಎರಡು ವರ್ಷವಾಯಿತು. ಶಾಲೆಗೆ ಸಂಬಂಧಿಸಿದ ಅನುಭವಕ್ಕೆ 20 ವಾರ ಮೀಸಲಾಯಿತು. ಅದರಲ್ಲಿ ಎರಡನೆಯ ವರ್ಷಕ್ಕೇ 16 ವಾರ. ಕಾಲವೇನೋ ದೊರೆಯಿತು. ಆದರೆ ಒಂದು ಪೀರಿಯಡ್ಡಿನೊಳಗೆ, ಒಂದು ಪ್ರಶ್ನೆಗೆ, ಒಂದು ಮಗುವಿಗೆ ಎಷ್ಟು ಕಾಲ ಕೊಡಬೇಕು ಎಂಬುದನ್ನು ಯಾವ ನಿಯಮಾವಳಿಯೂ ಹೇಳಲಾರದು.

ಮದ್ದೂರು ಕಡೆಯ ಒಂದು ಶಾಲೆ. ಹತ್ತನೆಯ ತರಗತಿ. ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ. ಪಾಠ ಮಾಡಲು ನಿಂತ ತರುಣಿ ಚೆನ್ನಾಗಿಯೇ ಸಿದ್ಧತೆ ಮಾಡಿಕೊಂಡಿದ್ದಳು. ಸುತ್ತ ಕಬ್ಬಿನ ಗದ್ದೆಗಳು, ಆಲೆಮನೆಗಳು ಇರುವ ಊರು. ಪಾಠ ಅಲ್ಲಿಂದಲೇ ಹೊರಡಲಿ ಎಂದುಕೊಂಡಿದ್ದಳು. 'ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕ್ತಾರೆ?' ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ತರಗತಿ ಮೌನವಾಯಿತು. ಮೌನ ಇಳಿದದ್ದೇ ತಡ, ಅವಳ ಕೈ ಸೀಮೆಸುಣ್ಣದ ಕಡೆಗೆ ಹೋಯಿತು. 'ಕಬ್ಬಿನ ಹಾಲಿನಲ್ಲಿ ಆಮ್ಲದ ಗುಣ ಇರುತ್ತೆ, ಸುಣ್ಣ ಪ್ರತ್ಯಾಮ್ಲ, ಎರಡೂ ಸೇರಿದರೆ ತಟಸ್ಥೀಕರಣ' ಎಂದು ಕಪ್ಪುಹಲಗೆಯ ಮೇಲೆ ಬರೆದೂ ಆಯಿತು. ಮಕ್ಕಳು ತಲೆ ತಗ್ಗಿಸಿ ನೋಟುಪುಸ್ತಕಕ್ಕೆ ಇಳಿಸಿಕೊಂಡರು. ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ಗಂಟೆ ಹೊಡೆದ ಮೇಲೆ ಹೇಳಿದ್ದು ಇಷ್ಟೇ: 'ಪ್ರಶ್ನೆ ತುಂಬಾ ಚೆನ್ನಾಗಿತ್ತಮ್ಮ. ಇನ್ನು ಸ್ವಲ್ಪ ಹೊತ್ತು ಅವರ ಹತ್ತಿರಾನೇ ಇರಬಹುದಿತ್ತು.'

ಅವಳ ಅವಸರಕ್ಕೆ ಕಾರಣ ಪಾಠಯೋಜನೆಯಲ್ಲೂ ಇತ್ತು. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂದು ಐದು ಹಂತಗಳು. ಪುಟದ ಎಡಕ್ಕೆ ಶಿಕ್ಷಕರು ಮಾಡುವುದು, ಬಲಕ್ಕೆ ವಿದ್ಯಾರ್ಥಿಗಳು ಮಾಡುವುದು. ಮಕ್ಕಳು ಕೊಡಬೇಕಾದ ಉತ್ತರವನ್ನು ಹಿಂದಿನ ರಾತ್ರಿಯೇ ಬಲಗಡೆಯ ಅಂಕಣದಲ್ಲಿ ಬರೆದಾಗಿರುತ್ತದೆ. ಬರೆದ ಉತ್ತರ ಬರೆದ ಹೊತ್ತಿಗೆ ಬಾರದಿದ್ದರೆ ಮನಸ್ಸು ತಳಮಳಿಸುತ್ತದೆ. ವಿಚಾರ ಮಾಡಿದರೆ, ಇಂಥದೊಂದು ಬಲಗಡೆಯ ಅಂಕಣ ನಮ್ಮೆಲ್ಲರ ಮನಸ್ಸಿನಲ್ಲೂ ಇದೆ. ಗೆಳೆಯನನ್ನು 'ಹೇಗಿದ್ದೀಯಾ?' ಎನ್ನುವಾಗ 'ಚೆನ್ನಾಗಿದ್ದೀನಿ' ಎಂಬುದನ್ನು ನಾವು ಮೊದಲೇ ಅಲ್ಲಿ ಬರೆದಿಟ್ಟಿರುತ್ತೇವೆ. ಅವನು ಒಂದು ಕ್ಷಣ ತಡೆದರೆ ನಮಗೆ ಗಲಿಬಿಲಿ. ನಾವು ಕೇಳಿದ್ದು ತಿಳಿಯುವುದಕ್ಕೋ, ನಮ್ಮ ಬರಹವನ್ನು ದೃಢಪಡಿಸಿಕೊಳ್ಳುವುದಕ್ಕೋ ಎಂಬುದು ಆ ಕ್ಷಣದಲ್ಲಿ ಬಯಲಾಗುತ್ತದೆ.

ಮೌನವನ್ನು ನಾವು ಸಾಮಾನ್ಯವಾಗಿ ಇನ್ನೊಬ್ಬರ ಕೊರತೆ ಎಂದು ಭಾವಿಸುತ್ತೇವೆ. ಮಕ್ಕಳಿಗೆ ಗೊತ್ತಿಲ್ಲ, ಆದ್ದರಿಂದ ಹೇಳಿಕೊಟ್ಟೆವು ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಅದರಲ್ಲಿ ಕರುಣೆಯೂ ಇರಬಹುದು, ಇಲ್ಲವೆನ್ನಲಾಗದು. ಆದರೆ ಅಂತರಂಗವನ್ನು ನಿಧಾನವಾಗಿ ಶೋಧಿಸಿದರೆ ಭಯವೂ ಸಿಗುತ್ತದೆ. ನಲವತ್ತು ಜೋಡಿ ಕಣ್ಣುಗಳು ನೋಡುತ್ತಿವೆ. ಹಿಂದೆ ಕುಳಿತ ಹಿರಿಯರು ಅಂಕ ಬರೆಯುತ್ತಿದ್ದಾರೆ. ಮಾತು ನಿಂತರೆ ಪಾಠವೇ ನಿಂತಂತೆ ತೋರುತ್ತದೆ. ಹಾಗಾಗಿ ನಾವು ಮೌನವನ್ನು ತುಂಬುವುದು ಅನೇಕ ವೇಳೆ ನಮ್ಮ ರಕ್ಷಣೆಗಾಗಿಯೇ. ಇದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಮಾತಿನ ಆಸರೆ ಬೇಡದ ಮನುಷ್ಯ ಅಪರೂಪ.

ಈ ಎಡೆಯನ್ನು ಗಡಿಯಾರ ಹಿಡಿದು ಅಳೆದವರೂ ಇದ್ದಾರೆ. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ವಿಜ್ಞಾನ ತರಗತಿಗಳ ಧ್ವನಿಮುದ್ರಿಕೆಗಳನ್ನು ಕೂಲಂಕಷವಾಗಿ ಕೇಳಿ 1974ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಪ್ರಶ್ನೆ ಮತ್ತೊಬ್ಬರಿಗೆ ಹೋಗುತ್ತಿತ್ತು, ಇಲ್ಲವೇ ಉತ್ತರ ಮೇಜಿನ ಕಡೆಯಿಂದಲೇ ಬರುತ್ತಿತ್ತು. ಕಾಯುವ ಅವಧಿಯನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ದೀರ್ಘವಾದವು. ಕೇಳದೆಯೇ ತಾವಾಗಿ ಮಾತಾಡುವ ಮಕ್ಕಳು ಹೆಚ್ಚಿದರು. ಮಕ್ಕಳು ತಾವೇ ಪ್ರಶ್ನೆ ಕೇಳತೊಡಗಿದರು. ಮೂರು ಸೆಕೆಂಡು ಎಂದರೆ ನಿಡಿದಾದ ಒಂದು ಉಸಿರು. ಅಷ್ಟನ್ನು ಕೊಡಲು ನಮಗೆ ತರಬೇತಿ ಬೇಕಾಗುತ್ತದೆ ಎಂಬುದು ಸೋಜಿಗ.

ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಕಾಡುವಂಥದು. ಜಾಣರೆಂದು ತಾವು ಭಾವಿಸಿದ ಮಕ್ಕಳಿಗಾಗಿ ಶಿಕ್ಷಕರು ಹೆಚ್ಚು ಕಾಯುತ್ತಿದ್ದರು. ಹಿಂದುಳಿದವರೆಂದು ಭಾವಿಸಿದವರಿಗೆ ಅದಕ್ಕಿಂತ ಕಡಿಮೆ. ಯಾರಿಗೆ ಕಾಲ ಹೆಚ್ಚು ಬೇಕೋ ಅವರಿಗೆ ಕಾಲ ಕಡಿಮೆ. ಇದನ್ನು ಮಂಡ್ಯ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ದಾಟಿ ಬಯಲಿಗೆ ಬರುತ್ತದೆ; ಮೇಲಿನವರ ಗದ್ದೆ ತುಂಬುತ್ತದೆ; ಮದ್ದೂರು, ಮಳವಳ್ಳಿಯ ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ನೀರು ಸಣ್ಣಗಾಗಿರುತ್ತದೆ. ಸರದಿಯಂತೆ ಹರಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ದಿನಗಳಲ್ಲಿ ಕೊನೆಯ ಭಾಗದ ರೈತ ಏರಿಯ ಮೇಲೆ ನಿಂತು ಮೇಲ್ಗಡೆಯೇ ನೋಡುತ್ತಿರುತ್ತಾನೆ. ನೀರು ನಿಲ್ಲಿಸಿದವರು ಯಾರೂ ದುಷ್ಟರಲ್ಲ. ತೂಬು ಹತ್ತಿರವಿತ್ತು, ಗದ್ದೆ ಹತ್ತಿರವಿತ್ತು, ನೀರು ಹರಿಯಿತು, ಅಷ್ಟೇ. ತರಗತಿಯಲ್ಲೂ ಮುಂದಿನ ಬೆಂಚಿನ ಕೈ ಬೇಗ ಏಳುತ್ತದೆ. ಪರಿಚಿತ ಮುಖ, ಖಚಿತವಾದ ಉತ್ತರ. ನಮ್ಮ ಲಕ್ಷ್ಯ ಅಲ್ಲಿಯೇ ಹರಿದು ಇಂಗಿಹೋಗುತ್ತದೆ. ಸಂಸಾರದಲ್ಲೂ ಹೀಗೆಯೇ. ಚೆನ್ನಾಗಿ ಮಾತಾಡಬಲ್ಲವರ ದುಃಖಕ್ಕೆ ಕೇಳುವವರು ಹತ್ತು ಮಂದಿ. ಮಾತು ಬಾರದವರ ದುಃಖ ಬಾಗಿಲ ಬಳಿಯೇ ನಿಂತಿರುತ್ತದೆ.

ಮತ್ತೆ ಮದ್ದೂರಿನ ಆ ತರಗತಿ. ಮರುದಿನ ಅದೇ ಪಾಠ ಇನ್ನೊಂದು ವಿಭಾಗಕ್ಕೆ. ಅದೇ ಪ್ರಶ್ನೆ. ಈ ಸಲ ಸೀಮೆಸುಣ್ಣವನ್ನು ಅವಳು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತಳು. ಮೌನ ಬಂದಿತು. ಹೋಗಲಿಲ್ಲ. ಹೊರಗೆ ಬಿಸಿಯೂಟದ ಪಾತ್ರೆಗಳ ಸದ್ದು. ಕೊನೆಗೆ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಅರ್ಧ ಎದ್ದು, 'ಮಡ್ಡಿ ಮೇಲಕ್ಕೆ ಬರ್ಲಿ ಅಂತ ಹಾಕ್ತಾರೆ ಮಿಸ್' ಎಂದಳು. ಬಲಗಡೆಯ ಅಂಕಣದಲ್ಲಿ ಈ ಉತ್ತರ ಇರಲಿಲ್ಲ. 'ಹೌದಾ, ಆಮೇಲೆ?' ಎಂದು ಮತ್ತೆ ಕಾದಾಗ ಮತ್ತೊಬ್ಬ, 'ಸುಣ್ಣ ಹಾಕ್ದೆ ಇದ್ರೆ ಬೆಲ್ಲ ಗಟ್ಟಿಯಾಗಕಿಲ್ಲ ಮಿಸ್, ಅಂಟಂಟಾಗ್ತದೆ' ಎಂದ. ಮಾತು ಅಲ್ಲಿಗೆ ನಿಲ್ಲಲಿಲ್ಲ. 'ಜಾಸ್ತಿ ಹಾಕಿದ್ರೆ ಕಪ್ಪಾಯ್ತದೆ. ನಮ್ಮಪ್ಪ ಕೈಯಳತೇಲೇ ಹಾಕೋದು.' ಆ ಹುಡುಗನ ತಂದೆ ಆಲೆಮನೆಯಲ್ಲಿ ಪಾಕ ನೋಡುವವರು.

ರಸಾಯನವಿಜ್ಞಾನ ಹೇಳುವುದೂ ಇದನ್ನೇ. ಕಬ್ಬಿನ ಹಾಲು ಸ್ವಲ್ಪ ಆಮ್ಲೀಯ. ಆಮ್ಲವಿದ್ದು ಕುದಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗುತ್ತದೆ. ಅವು ಹೆಚ್ಚಿದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದೆ ಜಿನುಗುತ್ತದೆ. ಸುಣ್ಣ ಆಮ್ಲವನ್ನು ತಗ್ಗಿಸುತ್ತದೆ, ಕಶ್ಮಲವನ್ನು ಗರಣೆಗಟ್ಟಿಸಿ ಮೇಲೆ ತರುತ್ತದೆ. ಮಿತಿ ಮೀರಿದರೆ ಬಣ್ಣ ಕೆಡಿಸುತ್ತದೆ. ತಟಸ್ಥೀಕರಣದ ಇಡೀ ಅಧ್ಯಾಯ ಆ ಮಕ್ಕಳ ಮನೆಯಂಗಳದಲ್ಲೇ ಇತ್ತು. ಹಿಂದಿನ ದಿನದ ವಿಭಾಗದಲ್ಲೂ ಇದ್ದೀತು. ನಾವು ಅಜ್ಞಾನವೆಂದು ಬಗೆದ ಎಷ್ಟೋ ಮೌನಗಳು ಹೀಗೆ, ತಿಳಿದದ್ದನ್ನು ಶಾಲೆಯ ಮಾತಿನಲ್ಲಿ ಹೇಳಬಹುದೇ ಎಂಬ ಸಂಕೋಚದಲ್ಲಿ ತಡವರಿಸುತ್ತಿರಬಹುದು. ಮಡ್ಡಿ ಎಂಬ ಶಬ್ದ ಪಠ್ಯಪುಸ್ತಕದಲ್ಲಿ ಇಲ್ಲ. ಅದನ್ನು ಉಚ್ಚರಿಸಲು ಮಗುವಿಗೆ ಪರವಾನಗಿ ಬೇಕು. ಶಿಕ್ಷಕಿ ಕಾದು ನಿಂತದ್ದೇ ಪರವಾನಗಿಯಾಯಿತು.

ಕಾಯಬೇಕಾದ ಇನ್ನೊಂದು ಗಳಿಗೆಯಿದೆ. ಅದು ಉತ್ತರ ಬಂದ ಮೇಲಿನದು. ಇದು ಇನ್ನೂ ಕಷ್ಟದ್ದು. ಸರಿ ಎನ್ನಲು, ತಪ್ಪು ಎನ್ನಲು ನಮ್ಮ ನಾಲಿಗೆ ಸದಾ ಸಿದ್ಧ. ಮಳವಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ವಿದ್ಯುತ್ತಿನ ಪಾಠ ಮಾಡುತ್ತಿದ್ದ. ಶಿವನಸಮುದ್ರ ಹತ್ತಿರವೇ ಇದೆ. ಜನ ಬ್ಲಫ್ ಎಂದು ಕರೆಯುವ ವಿದ್ಯುದಾಗಾರವನ್ನು ಮಕ್ಕಳು ನೋಡಿದ್ದಾರೆ. ಕಾವೇರಿಯ ನೀರಿನಿಂದ ಅಲ್ಲಿ ಹುಟ್ಟಿದ ವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಯೋಜನೆಗೆ ಆಧಾರವಾಗಿ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಇದನ್ನೆಲ್ಲ ಅವನು ಹೇಳಿ ಮುಗಿಸಿದಾಗ ಹುಡುಗನೊಬ್ಬ ಕೇಳಿದ: 'ಸಾ, ನೀರಿಂದ ಕರೆಂಟ್ ತಗದ್ಮೇಲೆ ಆ ನೀರಲ್ಲಿ ಸತ್ವ ಇರ್ತದಾ ಸಾ? ನಮ್ಮ ತಾತ ಇರಕಿಲ್ಲ ಅಂತದೆ.'

ತರಗತಿ ನಕ್ಕಿತು. ತಾತನ ಮಾತನ್ನು ನಾವೂ ಕೇಳಿದ್ದೇವೆ. ಅಣೆಕಟ್ಟುಗಳು ಎದ್ದ ಕಾಲದಲ್ಲಿ, ಕರೆಂಟು ಹಿಂಡಿದ ನೀರಿನಿಂದ ಪೈರು ಬೆಳೆಯದು ಎಂದು ದೇಶದ ಎಷ್ಟೋ ಕಡೆ ರೈತರು ಶಂಕಿಸಿದ್ದುಂಟು. ವಿಜ್ಞಾನ ಓದಿದವರು ಇದಕ್ಕೆ ಕೊಡುವ ಉತ್ತರ ಒಂದೇ: ಅದು ಮೂಢನಂಬಿಕೆ. ಪ್ರಶಿಕ್ಷಣಾರ್ಥಿಯ ತುಟಿಯ ಮೇಲೂ ಆ ಮಾತು ಬಂದಿತ್ತು. ಅದೇನೆನ್ನಿಸಿತೋ, ನುಂಗಿಕೊಂಡ. 'ಸತ್ವ ಹೋಗುತ್ತೆ ಅಂತಾರಲ್ಲ, ನಿಜವಾಗಿ ಏನು ಹೋಗುತ್ತೆ? ಏನೂ ಹೋಗದೆ ಕರೆಂಟ್ ಎಲ್ಲಿಂದ ಬಂತು?' ಎಂದು ಪ್ರಶ್ನೆಯನ್ನು ತರಗತಿಗೇ ಒಪ್ಪಿಸಿದ. ನಗು ನಿಂತಿತು.

ಯೋಚಿಸಿದರೆ ತಾತ ಪೂರ್ತಿ ತಪ್ಪಲ್ಲ. ನೀರು ಒಂದನ್ನು ಕಳೆದುಕೊಂಡಿದೆ. ಅದು ಎತ್ತರ. ಎತ್ತರದಲ್ಲಿದ್ದ ನೀರಿಗೆ ಪ್ರಚ್ಛನ್ನ ಶಕ್ತಿಯಿತ್ತು. ಕೊಳವೆಯಲ್ಲಿ ಧುಮುಕಿ ಟರ್ಬೈನು ತಿರುಗಿಸಿ ಅದನ್ನು ಒಪ್ಪಿಸಿ ಬಂದಿದೆ. ಒಂದು ಲೀಟರು ನೀರು ನೂರು ಮೀಟರು ಇಳಿದರೆ ಬಿಟ್ಟುಕೊಡುವುದು ಸುಮಾರು 980 ಜೂಲ್. ಆದರೆ ಇದೇ ನೀರು ಟರ್ಬೈನಿಗೆ ಹೋಗದೆ ಗಗನಚುಕ್ಕಿ ಜಲಪಾತದಲ್ಲಿ ಬಿದ್ದಿದ್ದರೂ ಎತ್ತರವನ್ನು ಕಳೆದುಕೊಳ್ಳುತ್ತಲೇ ಇತ್ತು. ಅಲ್ಲಿ ಆ ಶಕ್ತಿ ಭೋರ್ಗರೆತವಾಗಿ, ತುಂತುರಾಗಿ, ಬಹುಪಾಲು ಶಾಖವಾಗಿ ಚೆದುರಿಹೋಗುತ್ತಿತ್ತು. ಪೈರಿನ ಬೇರಿಗೆ ಬೇಕಾದದ್ದು ನೀರು, ನೀರಿನ ಎತ್ತರವಲ್ಲ; ಹಾಗಾಗಿ ಬೆಳೆಗೆ ನಷ್ಟವಿಲ್ಲ. ತಾತನ ಆತಂಕ ಹುಸಿ, ಅಂತಃಪ್ರಜ್ಞೆ ದಿಟ. ಏನೂ ಕೊಡದೆ ಏನೂ ಸಿಗದು ಎಂದು ಆ ಅನಕ್ಷರಸ್ಥ ಹಿರಿಯ ಊಹಿಸಿದ್ದ. ಶಕ್ತಿಯ ನಿತ್ಯತೆಯ ನಿಯಮಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಯಾವ ಪಾಠಯೋಜನೆಯಲ್ಲಿ ದೊರೆತೀತು? ಮೂಢನಂಬಿಕೆ ಎಂಬ ಒಂದು ಪದ ಆ ದಿನ ಹೊರಬಿದ್ದಿದ್ದರೆ ಹುಡುಗ ಕುಳಿತುಬಿಡುತ್ತಿದ್ದ, ಅವನ ಜೊತೆಗೆ ತಾತನೂ ಕುಳಿತುಬಿಡುತ್ತಿದ್ದ. ನಾವು ದಿನನಿತ್ಯ ಹೀಗೆ ಎಷ್ಟು ಜನರನ್ನು ಅರ್ಧ ಮಾತಿನಲ್ಲಿ ಕೂರಿಸಿದ್ದೇವೋ. ಅರ್ಧ ಕೇಳಿ ತೀರ್ಪು ಕೊಡುವುದು ಬುದ್ಧಿಯ ಚುರುಕೆಂದು ನಮಗೆ ನಾವೇ ಹೇಳಿಕೊಂಡಿರುತ್ತೇವೆ.

ಕಾಯುವುದಕ್ಕೆ ಬೆಲೆ ತೆರಬೇಕು ಎಂಬುದೂ ಸತ್ಯ. ಘಟಕ ಪರೀಕ್ಷೆ ಹತ್ತಿರವಿರುತ್ತದೆ, ಸಿಲಬಸ್ಸು ಮುಗಿಯಬೇಕಿರುತ್ತದೆ, ವೀಕ್ಷಣಾ ಪತ್ರದಲ್ಲಿ ಕಪ್ಪುಹಲಗೆಯ ಬಳಕೆಗೆ, ಬೋಧನೋಪಕರಣಕ್ಕೆ ಅಂಕಗಳಿರುತ್ತವೆ. ಸುಮ್ಮನೆ ನಿಂತದ್ದಕ್ಕೆ ಅಂಕವಿಲ್ಲ. ಮಂಡ್ಯದಲ್ಲಿ ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡೇ ತಪ್ಪುತ್ತದೆ. ಇಂಥ ಓಟದ ನಡುವೆ ಎಲ್ಲ ಪ್ರಶ್ನೆಗೂ ಕಾಯಲಾಗದು. ಕಾಯಲೂ ಬೇಕಿಲ್ಲ, ನೀರಿನ ರಾಸಾಯನಿಕ ಸೂತ್ರ ಕೇಳಿ ಯಾರೂ ಧ್ಯಾನಸ್ಥರಾಗಿ ನಿಲ್ಲುವುದಿಲ್ಲ. ಯಾವ ಪ್ರಶ್ನೆಗೆ ಕಾಯಬೇಕು ಎಂಬ ವಿವೇಕ ನಿಧಾನವಾಗಿ ಬರುವಂಥದು, 16 ವಾರಗಳಲ್ಲಿ ಅದರ ಸುಳಿವು ಸಿಕ್ಕರೂ ಸಾಕು. ಮೂವತ್ತು ವರ್ಷ ಪಾಠ ಮಾಡಿದವರಲ್ಲೂ ಅದು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.

ಮಳವಳ್ಳಿಯ ಆ ತರಗತಿಯಲ್ಲಿ ಮಾತು ಮುಂದಕ್ಕೆ ಹೋಯಿತು. ಬಿದ್ದ ನೀರಿನ ಶಕ್ತಿಯೆಲ್ಲ ಅದರಲ್ಲೇ ಶಾಖವಾಗಿ ಉಳಿದರೆ ಎಷ್ಟು ಬಿಸಿಯಾದೀತು ಎಂದು ಲೆಕ್ಕ ಹಾಕಿದರು. ನೂರು ಮೀಟರಿಗೆ ಸುಮಾರು ಕಾಲು ಡಿಗ್ರಿ ಸೆಲ್ಸಿಯಸ್ ಬಂತು. 'ಹಂಗಾರೆ ಮೇಲಿನ ನೀರು, ಕೆಳಗಿನ ನೀರು ಎರಡಕ್ಕೂ ಥರ್ಮಾಮೀಟರ್ ಇಟ್ಟು ನೋಡ್ಬೋದಲ್ವಾ ಸಾ?' ಎಂದ ಅದೇ ಹುಡುಗ. ಶಾಲೆಯ ತಾಪಮಾಪಕದಲ್ಲಿ ಗೆರೆಗಳು ಒಂದೊಂದು ಡಿಗ್ರಿಗೆ; ಕಾಲು ಡಿಗ್ರಿ ಅದರಲ್ಲಿ ತಿಳಿಯದು. ತುಂತುರು ಆವಿಯಾಗುವಾಗ ನೀರು ತಣಿಯುತ್ತದೆ, ಆ ಲೆಕ್ಕವೂ ಅಡ್ಡ ಬರುತ್ತದೆ. ಜಲಪಾತದ ಬುಡಕ್ಕೆ ಇಳಿಯಲು ಯಾರೂ ಬಿಡುವುದಿಲ್ಲ, ಬಿಡಲೂ ಬಾರದು. ಇವಿಷ್ಟನ್ನೂ ತರಗತಿ ಚರ್ಚಿಸಿತು. ಅಷ್ಟರಲ್ಲಿ ಇಂಟರ್ನ್‌ಶಿಪ್ ಮುಗಿದು ಪ್ರಶಿಕ್ಷಣಾರ್ಥಿ ಕಾಲೇಜಿಗೆ ಮರಳಿದ. ಹುಡುಗರು ಈಗ ಕಾಲು ಡಿಗ್ರಿ ತೋರಿಸುವ ತಾಪಮಾಪಕ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ ಎಂದು ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳತೊಡಗಿದ್ದಾರೆ.